ಮಹಾಂತನಿಗೊಂದು ಕೋಲು

ಉಮದಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಕಬ್ಬಿಣ ಸಾಮಾನಿನ ಅಂಗಡಿ. ಕೊಡಲಿ, ಗುದ್ದಲಿ, ಕುಡಗೋಲು, ಅವಕ್ಕೆ ಕೂಡಿಸುವ ಕಟ್ಟಿಗೆಯ ಕಾವು, ಎಲ್ಲ ಇಟ್ಟಿದ್ದೇನೆ. ಗಿರಾಕಿಯೇ ದೇವರು ಎನ್ನುವವರು ಶಿದ್ರಾಯನಂಥ ಗಿರಾಕಿಯನ್ನು ಕಂಡವರಲ್ಲ. ಕುಣಿಕೋಣೂರಿನ ಈ ಕುರಿಗಾರ ಒಂದು ಕಾವು ಬೇಕೆಂದು ಬಂದರೆ ಇಡೀ ಕಟ್ಟು ಬಿಚ್ಚಿಸುತ್ತಿದ್ದ. ಒಂದೊಂದನ್ನೇ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುವುದು, ನೆಲದ ಫರಸಿ ಕಲ್ಲಿನ ಮೇಲೆ ಉರುಳಿಸುವುದು, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುವುದು. ಕೊನೆಗೆ, "ಇದರಾಗ ಯಾವದೂ ಇಲ್ರಿ ರೇವಪ್ಪಾರ, ಮುಂದಿನ ಮಾಲ ಬಂದಾಗ ಬರ್ತೀನಿ" ಎಂದು ಎದ್ದು ಹೋಗುವುದು. ಬಿಚ್ಚಿದ ಕಟ್ಟು ಮತ್ತೆ ಕಟ್ಟುವ ಕೆಲಸ ನನ್ನ ಪಾಲಿಗೆ.

ಒಮ್ಮೆ ತಲೆ ಕೆಟ್ಟು ಕೇಳಿದೆ. "ಯಮನವ್ವನ್ನ ಆರಿಸಾಕೂ ಇಷ್ಟ ಹೊತ್ತ ಹಚ್ಚಿದ್ದೇನೋ?"

"ಇಲ್ರಿ. ಆಕಿನ್ನ ನಮ್ಮಪ್ಪ ಆರಿಸಿದ್ದ. ಅದಕ್ಕ ಜರಾ ಡೊಂಕ ಅದಾಳ" ಎಂದ.

ಅವನ ಹೆಂಡತಿ ಯಮನವ್ವ ಹೊರಗೆ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆಕೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಕುರಿಗಾರನಿಗೆ ಬಡಿಗೆ ಎಂದರೆ ಏನೆಂದು ನನ್ನಂಥ ವ್ಯಾಪಾರಸ್ಥನಿಗೆ ಪೂರ್ತಿ ತಿಳಿಯುವುದಿಲ್ಲ. ಶಿದ್ರಾಯ ಮೂರು ಮಳೆಗಾಲ ಅಲೆದು ಒಂದು ಬಡಿಗೆ ಆರಿಸಿಕೊಂಡಿದ್ದನಂತೆ, ಅದು ಅವನ ಜೊತೆಗೇ ಮುದಿಯಾಗಿದೆ. ಸುತ್ತಲಿನ ಹಳ್ಳಿಯ ಕುರಿಗಾರರು ತಮ್ಮ ಮಕ್ಕಳಿಗೆ ಬಡಿಗೆ ಬೇಕಾದರೆ ಅವನನ್ನೇ ಕರೆಯುತ್ತಿದ್ದರು. ಅವನ ಹಿರಿಯ ಮಗ ಅಪ್ಪ ಆರಿಸಿದ ಬಡಿಗೆ ಹಿಡಿದು ಈಗಲೂ ಕುರಿ ಹಿಂದೆ ತಿರುಗುತ್ತಾನೆ. ಕಿರಿಯವನು ಮಹಾಂತ ಮಾತ್ರ ಹಿಡಿಯಲಿಲ್ಲ. ಅವನು ದಾಳಿಂಬೆ ಸಾಗಿಸುವ ಪಿಕಪ್ ಓಡಿಸುತ್ತಿದ್ದ, ಸಂಜೆ ಆಯಿತೆಂದರೆ ನನ್ನ ಅಂಗಡಿಯ ಪಕ್ಕದ ಗೋಡೆಗೆ ಹತ್ತಿದ ಸೋಮನಾಥನ ಪೂಲ್ ಟೇಬಲ್ಲಿನ ಖೋಲಿಗೆ ಬರುತ್ತಿದ್ದ. ಹಸಿರು ಅರಿವೆ ಹೊದಿಸಿದ ಒಂದೇ ಒಂದು ಟೇಬಲ್, ಬಣ್ಣಬಣ್ಣದ ಚೆಂಡು, ಅವನ್ನು ತಳ್ಳುವ ಉದ್ದನೆಯ ಕೋಲು. ಉಳಿದವರೆಲ್ಲ ಖೋಲಿಯ ಕೋಲಿನಿಂದ ಆಡಿದರೆ ಮಹಾಂತನದು ಸ್ವಂತದ್ದು. ಎರಡು ತುಂಡು, ಹಿಡಿಯುವ ದಪ್ಪ ತುಂಡು ಬೇರೆ, ಚೆಂಡಿಗೆ ತಾಗುವ ಸಣ್ಣ ತುಂಡು ಬೇರೆ, ನಡುವೆ ಹಿತ್ತಾಳೆಯ ತಿರುಪು. ಆಡುವಾಗ ಕೂಡಿಸುತ್ತಿದ್ದ, ಹೋಗುವಾಗ ಬಿಚ್ಚಿ ಚೀಲದಲ್ಲಿಟ್ಟು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಸೊಲ್ಲಾಪುರ, ಸಾಂಗಲಿ ಕಡೆ ಸ್ಪರ್ಧೆ ಇದ್ದರೆ ಹೋಗಿ ಬರುತ್ತಿದ್ದ, ಗೆದ್ದೂ ಬಂದಿದ್ದ.

ಶಿದ್ರಾಯ ಆ ಖೋಲಿಯ ಹೊಸ್ತಿಲು ತುಳಿಯಲಿಲ್ಲ. ಅವನ ಲೆಕ್ಕದಲ್ಲಿ ಅದು ಜೂಜಿನ ಅಡ್ಡೆ. ಅಲ್ಲಪ್ಪಾ, ದುಡ್ಡಿನ ಆಟ ಅಲ್ಲ ಅದು, ಒಮ್ಮೆ ನೋಡಿ ಬಾ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ.

"ಕುರಿ ಬಿಟ್ಟ ಕೈಯಾಗ ಕೋಲ ಹಿಡದಾನಂತ, ಅದರಾಗ ನೋಡಾಕೇನ ಐತ್ರಿ?" ಎನ್ನುತ್ತಿದ್ದ.

ಅಂದರೂ ಸಂತೆಯ ದಿನ ಕಾವು ನೋಡುವ ನೆಪದಲ್ಲಿ ನನ್ನ ಅಂಗಡಿಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕುಳಿತುಬಿಡುತ್ತಿದ್ದ. ಗೋಡೆಯ ಆಚೆಯಿಂದ ಚೆಂಡಿಗೆ ಚೆಂಡು ತಾಗುವ ಸಪ್ಪಳ ಬರುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಮಗ ಕಾಣುತ್ತಿದ್ದ. ಹಟ ಎಂಬುದು ಬಡಿಗೆಗಿಂತ ಗಟ್ಟಿ, ಏನು ಮಾಡುವುದು?

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಮಹಾಂತ ಸಾಂಗಲಿಯ ಸ್ಪರ್ಧೆ ಮುಗಿಸಿಕೊಂಡು ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ. ಜತ್ತ ದಾಟಿದ ಮೇಲೆ ಮುಸ್ಸಂಜೆಯಲ್ಲಿ ದೀಪವಿಲ್ಲದ ಟ್ರಾಲಿಯೊಂದು ರಸ್ತೆಯಲ್ಲೇ ನಿಂತಿತ್ತು. ಕಾಣಲಿಲ್ಲ. ಮೂವತ್ತು ತುಂಬದ ಹುಡುಗ. ಮದುವೆಯಾಗಿ ಎರಡು ವರ್ಷವಾಗಿತ್ತು, ಹೆಂಡತಿ ರೂಪಾಲಿ ಯಳವಿ ಊರಿನವಳು. ಅವನನ್ನು ಊರಿಗೆ ತಂದಾಗ ಬೆನ್ನಿನ ಚೀಲವನ್ನೂ ಯಾರೋ ತಂದು ಇಟ್ಟರು. ಒಳಗೆ ದಪ್ಪ ತುಂಡು ಹಾಗೇ ಇತ್ತು, ಸಣ್ಣ ತುಂಡು ನಡುವೆ ಮುರಿದು ಸೀಳಾಗಿತ್ತು.

ಶಿದ್ರಾಯನ ಮನೆತನದಲ್ಲಿ ಒಂದು ಪದ್ಧತಿ ಇದೆ. ಸತ್ತ ಗಂಡಸನ್ನು ಹೊಲದಲ್ಲಿ ಹೂಳುತ್ತಾರೆ, ಮುಂದಿನ ಅಮಾವಾಸ್ಯೆಗೆ ಅವನ ಬಡಿಗೆಯನ್ನು ತಲೆಯ ಕಡೆ ನೆಟ್ಟು, ಹಿರಿಯರ ಹೆಸರುಗಳನ್ನು ಸಾಲಾಗಿ ಕೂಗಿ ಕೊನೆಗೆ ಅವನ ಹೆಸರು ಸೇರಿಸುತ್ತಾರೆ. ಬಡಿಗೆ ಅವನು ಹಿಡಿದದ್ದೇ ಆಗಿರಬೇಕು, ಇಡಿಯಾಗಿರಬೇಕು. ಮುರಿದ ಬಡಿಗೆಯವನು ಹಿಂಡು ಬಿಟ್ಟು ಓಡಿದವನೆಂದು ಅರ್ಥ. ಅವನ ಹೆಸರು ಕೂಗುವುದಿಲ್ಲ. ಶಿದ್ರಾಯನ ಅಣ್ಣ ಭೀಮರಾಯ ಮನೆಯ ಹಿರಿಯ. ಅವನು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದ.

"ಬಾರಿ ಗಿಡದ್ದ ಒಂದ ಬಡಿಗಿ ಕಡದು ನೆಟ್ಟಬಿಡೂನು ತಮ್ಮಾ. ಯಾರ ಕೇಳ್ತಾರ?"

"ಅಂವ ಹಿಡೀದ ಬಡಿಗಿ ಅಂವಗ ಹ್ಯಾಂಗ ಆಗತೈತಿ?" ಎಂದ ಶಿದ್ರಾಯ. "ಅಂವ ಹಿಡದದ್ದ ಇದ. ಇದನ್ನ ಇಡೀ ಮಾಡತೀನಿ."

ಮರುದಿನ ಆ ಚೀಲ ಹಿಡಿದು ನನ್ನ ಅಂಗಡಿಗೆ ಬಂದ. ಮುರಿದ ತುಂಡನ್ನು ಮೇಜಿನ ಮೇಲಿಟ್ಟು, "ಇಂಥಾದ್ದ ಒಂದ ಬೇಕ್ರಿ" ಎಂದ. ಕೊಡಲಿ ಕಾವು ಕೇಳಿದ ಹಾಗೆಯೇ ಕೇಳಿದ. ನನಗೆ ಅಳು ಬಂತು. ಅವನು ಅಳಲಿಲ್ಲ. ಪಕ್ಕದ ಸೋಮನಾಥನನ್ನು ಕರೆಸಿದೆ. ಆ ತಿರುಪಿಗೆ ಹೊಂದುವ ತುಂಡು ಸಾಂಗಲಿಯ ಒಂದು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಆರಿಸಿಯೇ ತರಬೇಕು, ಎಲ್ಲವೂ ಒಂದೇ ಥರ ಇರುವುದಿಲ್ಲ ಎಂದ ಅವನು. ಆರಿಸುವುದು ಎಂಬ ಮಾತು ಕೇಳಿದ್ದೇ ಶಿದ್ರಾಯನ ಮುಖದಲ್ಲಿ ಸ್ವಲ್ಪ ಜೀವ ಬಂತು. ಅದೊಂದು ಅವನಿಗೆ ಬರುತ್ತಿತ್ತು.

ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ಅಂಗಡಿ ಮುಚ್ಚಿ ನಾನೂ ಬಸ್ ಹತ್ತಿದೆ.

ಸಾಂಗಲಿಯ ಆ ಅಂಗಡಿಯ ಮಾಲೀಕ ನಮ್ಮ ವಯಸ್ಸಿನವನೇ, ಮರಾಠಿ ಮಾತಿನವನು, ಹಿಂದೊಮ್ಮೆ ತಾನೂ ಆಡಿದವನು. ಕೋಲಿನ ಮುಂದಿನ ತುಂಡುಗಳನ್ನು ಹತ್ತಿಯ ಅರಿವೆಯಲ್ಲಿ ಸುತ್ತಿಟ್ಟಿದ್ದ. ಬಿಚ್ಚಿ ಗಾಜಿನ ಮೇಲೆ ಹರಡಿ, ಇದು ಆ್ಯಶ್ ಮರ, ಎಳೆ ಎದ್ದು ಕಾಣುತ್ತದೆ, ಹೊಡೆತ ಗಡುಸು. ಇದು ಮೇಪಲ್, ಎಳೆ ಸಣ್ಣ, ಮೈ ನುಣುಪು ಎಂದು ತಾಳ್ಮೆಯಿಂದ ಹೇಳಿದ. ಶಿದ್ರಾಯ ತನ್ನ ಕೆಲಸ ಶುರು ಮಾಡಿದ. ಕಣ್ಣು ಮುಚ್ಚಿ ನೋಡಿದ, ಗಾಜಿನ ಮೇಲೆ ಉರುಳಿಸಿದ, ತಟ್ಟಿ ಕೇಳಿದ, ಮೂಸಿದ. ಮಾಲೀಕನೂ ಅದನ್ನೇ ಮಾಡುತ್ತಿದ್ದ. ಎಳೆ ಬುಡದಿಂದ ತುದಿಯವರೆಗೆ ಪಕ್ಕಕ್ಕೆ ಹರಿಯದೆ ಓಡಿರಬೇಕು ಎಂದು ಅವನು ಮರಾಠಿಯಲ್ಲಿ ಅಂದರೆ, "ಹೌದ್ರಿ, ನಡುವ ಹಾದಿ ಬಿಡಬಾರದು" ಎಂದು ಇವನು ತನ್ನ ಮುರುಕು ಮರಾಠಿಯಲ್ಲಿ ಅನ್ನುತ್ತಿದ್ದ. ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಗ ಸತ್ತ ಮೇಲೆ ಶಿದ್ರಾಯ ಅಷ್ಟು ಮಾತಾಡಿದ್ದನ್ನು ನಾನು ಅಂದೇ ಕಂಡದ್ದು.

ಕೊನೆಗೆ ಒಂದನ್ನು ಎತ್ತಿದ. ಆ್ಯಶ್, ತೂಕದ್ದು, ತಟ್ಟಿದರೆ ಗಂಟೆಯ ಹಾಗೆ ಮಾತಾಡುತ್ತಿತ್ತು. "ಇದ ನೋಡ್ರಿ ಬಡಿಗಿ ಅಂದ್ರ."

"ಮಾಲು ಚೆನ್ನಾಗಿದೆ" ಎಂದ ಮಾಲೀಕ. "ಆದರೆ ಆಡುವವರು ಯಾರು?"

"ನನ್ನ ಮಗಾರಿ."

"ಹ್ಯಾಗೆ ಆಡುತ್ತಾನೆ? ಜೋರಾಗಿ ಹೊಡೆಯುತ್ತಾನೋ, ಮೆತ್ತಗೋ?"

ಶಿದ್ರಾಯ ನನ್ನ ಮುಖ ನೋಡಿದ. ನಾನೇನು ಹೇಳಲಿ? ಮಾಲೀಕ ಕೇಳುತ್ತಲೇ ಹೋದ. ಬೆರಳನ್ನು ಬಳೆಯಂತೆ ಮಾಡಿ ಅದರೊಳಗಿಂದ ಕೋಲು ಹಾಯಿಸುತ್ತಾನೋ, ಹೆಬ್ಬೆರಳಿನ ಮೇಲೆ ಬಿಟ್ಟು ಹಾಯಿಸುತ್ತಾನೋ? ಬೆರಳು ದಪ್ಪವೋ, ತೆಳುವೋ? ಪೂರ್ತಿ ಬಗ್ಗುತ್ತಾನೋ, ಅರ್ಧವೋ? ಶಿದ್ರಾಯ ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ಗಾಜಿನ ಮೇಲೆ ಇಳಿಸಿದ. ಕುರಿಯ ಕಿವಿ ನೋಡಿ ಅದರ ತಾಯಿ ಯಾವುದೆಂದು ಹೇಳುವ ಮನುಷ್ಯ ಅವನು.

"ಸಪ್ಪಳ ಕೇಳೀನ್ರಿ" ಎಂದ ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ನೋಡಿಲ್ಲ. ಸಪ್ಪಳದಾಗೂ ಅವಂದು ಯಾವದೋ, ಉಳದವರ್ದು ಯಾವದೋ."

ಮಾಲೀಕ ನಕ್ಕ. ಕೆಟ್ಟ ನಗೆಯಲ್ಲ, ಅಪ್ಪಂದಿರೆಲ್ಲ ಹೀಗೇ ಎಂಬ ನಗೆ. "ಹಾಗಾದರೆ ಮಗನನ್ನೇ ಕರೆದುಕೊಂಡು ಬನ್ನಿ ಕಾಕಾ. ಹಿಡಿಯುವ ಕೈ ಇಲ್ಲದೆ ಕೋಲು ಆರಿಸಬಾರದು."

ವಿಷಯ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಶಿದ್ರಾಯ ಮೇಜಿನ ಕೆಳಗೆ ನನ್ನ ಕೈ ಹಿಚುಕಿ ಹಿಡಿದ. ಹೊರಗೆ ಬಂದ ಮೇಲೆ ನನಗೆ ಸಿಟ್ಟು ಬಂತು. "ಯಾಕೋ ಮಾರಾಯಾ? ಹೇಳಿದ್ರ ಅಂವಾ ಯಾವದರ ಒಂದ ಕೊಡ್ತಿದ್ದ, ಕೆಲಸ ಮುಗೀತಿತ್ತು."

"ಅದಕ್ಕ ಹೇಳಲಿಲ್ರಿ" ಎಂದ. "ಸತ್ತಾವಗಂದ್ರ ಯಾವದರ ಒಂದ ಕೊಡ್ತಾರ. ನನಗ ಅಂವ ಆಡೂ ಕೋಲ ಬೇಕು."

ಬರಿಗೈಯಲ್ಲಿ ತಿರುಗಿ ಬಂದೆವು.  ಉಮದಿಯಲ್ಲಿ ಬಸ್ ಇಳಿದ ಶಿದ್ರಾಯ ಸೀದಾ ಸೋಮನಾಥನ ಖೋಲಿಗೆ ನಡೆದ. ಮಗ ಬದುಕಿದ್ದಾಗ ತುಳಿಯದ ಹೊಸ್ತಿಲು ದಾಟಿ ಒಳಗೆ ಹೋಗಿ ಟೇಬಲ್ಲಿನ ಮುಂದೆ ನಿಂತ. ಆಡುತ್ತಿದ್ದವರು ಕೋಲು ಕೆಳಗಿಟ್ಟು ಸರಿದು ನಿಂತರು. ನನ್ನ ಮಗ ಹೇಗೆ ಹೊಡೆಯುತ್ತಿದ್ದ ಎಂದು ಕೇಳಿದ. ಒಬ್ಬ ಜೋರು ಅಂದ, ಇನ್ನೊಬ್ಬ ಇಲ್ಲ ಮೆತ್ತಗೆ ಅಂದ. ಎದುರಾಳಿಯನ್ನು ನೋಡಿ ಆಡುತ್ತಿದ್ದ, ಕಲಿಯುವವರ ಜೊತೆ ಬೇಕೆಂದೇ ಸೋಲುತ್ತಿದ್ದ ಎಂದ ಸೋಮನಾಥ. ಅಷ್ಟು ಮಂದಿಗೆ ಗೊತ್ತಿದ್ದ ಮಗ ತನಗೆ ಗೊತ್ತಿರಲಿಲ್ಲ ಎಂಬುದು ಶಿದ್ರಾಯನಿಗೆ ಅಲ್ಲಿ ನಿಂತೇ ತಿಳಿದಿರಬೇಕು. ಟೇಬಲ್ಲಿನ ಅರಿವೆಯ ಮೇಲೆ ಒಮ್ಮೆ ಕೈ ಆಡಿಸಿ ಹೊರಗೆ ಬಂದ.

ಅವನನ್ನು ಮನೆಗೆ ಬಿಟ್ಟು ಬರೋಣವೆಂದು ಕುಣಿಕೋಣೂರಿನವರೆಗೂ ಹೋದೆ. ಯಮನವ್ವ ನೀರು ಕೊಟ್ಟಳು. ಶಿದ್ರಾಯ ಅಂಗಡಿಯಲ್ಲಿ ನಡೆದದ್ದನ್ನು ಹೇಳಿ, "ನಿನಗೇನರ ಗೊತ್ತೇನ, ಅಂವ ಹ್ಯಾಂಗ ಆಡತಿದ್ದ?" ಎಂದ. ಯಮನವ್ವನಿಗೆ ದುಃಖಕ್ಕಿಂತ ಸಿಟ್ಟು ಮುಂದಾಯಿತು.

"ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ಇದ್ದಾಗ ಕೇಳಿದ್ರ ಅಂವನ ತೋರಸ್ತಿದ್ದ. ಹಾದಿ ನೋಡ್ತಿದ್ದ ನಿನ್ನ, ನನ್ನ ಮಗ."

ಶಿದ್ರಾಯ ತಲೆ ತಗ್ಗಿಸಿ ಕುಳಿತ. ಆಗ ಒಳಗಿನ ಬಾಗಿಲಲ್ಲಿ ರೂಪಾಲಿ ಕಾಣಿಸಿದಳು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ನೇರ ಮಾತಾಡುವ ರೂಢಿ ಇಲ್ಲ. ಏನಿದ್ದರೂ ಅತ್ತೆಯ ಮುಖಾಂತರವೇ. ಆ ಹುಡುಗಿ ಸೆರಗು ಬಿಗಿದು ಹೊರಗೆ ಬಂದಳು, ಕೈಯಲ್ಲಿ ಒಂದು ಖಾಲಿ ಬಾಟಲಿ ಮತ್ತು ರೊಟ್ಟಿ ಲಟ್ಟಿಸುವ ಕೋಲಿಗಿಂತ ಉದ್ದನೆಯ ಒಂದು ಬಿದಿರಿನ ಕಡ್ಡಿ.

"ನನಗ ಗೊತ್ತೈತ್ರಿ ಮಾವಾರ" ಎಂದಳು. "ಮುಂಜಾನೆದ್ದು ದಿನಾ ಮಾಡ್ತಿದ್ರು. ಬಾಟ್ಲಿ ನಾ ಹಿಡೀತಿದ್ದೆ."

ಬಾಟಲಿಯನ್ನು ಹೊರಸಿನ ಮೇಲೆ ಅಡ್ಡ ಮಲಗಿಸಿ, ಯಮನವ್ವನನ್ನು ಹಿಡಿಯಲು ಹಚ್ಚಿ, ತಾನು ಈಚೆ ಬಂದು ಬಗ್ಗಿದಳು. ಗದ್ದ ಕಡ್ಡಿಗೆ ತಾಗುವಷ್ಟು ಬಗ್ಗಿದಳು. ಬಲಗೈಯನ್ನು ಮುಂದೆ ಚಾಚಿ, ತೋರುಬೆರಳನ್ನು ಬಳೆಯಂತೆ ಮಡಿಸಿ, ಎಡಗೈಯಿಂದ ಕಡ್ಡಿಯನ್ನು ಹಿಂದಕ್ಕೆಳೆದು ಬಾಟಲಿಯ ಬಾಯಿಯೊಳಗೆ ಹಾಯಿಸಿದಳು. ಅಂಚಿಗೆ ತಾಗದೆ ಹೋಯಿತು, ತಾಗದೆ ಬಂತು. ಮತ್ತೆ ಹಾಗೇ ಮಾಡಿದಳು. ಮೆತ್ತಗೆ, ಬಹಳ ಮೆತ್ತಗೆ.

"ಎಡಗೈಲೆ?" ಎಂದ ಶಿದ್ರಾಯ.

"ಹೂಂರಿ. ಆಡೂದೊಂದ ಎಡಗೈಲೆ. ಉಳದದ್ದೆಲ್ಲಾ ಬಲಗೈಲೆ ಮಾಡ್ತಿದ್ರು."

ಮಹಾಂತ ಹುಟ್ಟು ಎಡಚ. ಎಡಗೈಯಿಂದ ಉಣ್ಣುತ್ತಾನೆ, ಎಡಗೈಯಿಂದ ಕಲ್ಲು ಬೀಸುತ್ತಾನೆ ಎಂದು ಶಿದ್ರಾಯ ಅವನ ಕೈಗೆ ಉಣ್ಣೆಯ ಹುರಿ ಕಟ್ಟಿ ಆ ರೂಢಿ ಬಿಡಿಸಿದ್ದ, ಬಿಡಿಸಿದೆನೆಂದು ಸಂತೆಯಲ್ಲಿ ಹೇಳಿಕೊಂಡಿದ್ದ. ಈಗ ಅವನು ಎದ್ದು ಹೊರಸಿನ ಹತ್ತಿರ ಹೋದ, ಬಗ್ಗಿ ನಿಂತಿದ್ದ ಸೊಸೆಯ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಆ ಮುದುಕ ದನಿ ತೆಗೆದು ಅತ್ತ. ನಾನು ಕುರಿಹಟ್ಟಿಯ ಕಡೆ ಮುಖ ಮಾಡಿ ಕುಳಿತೆ. ಇಂಥ ಅಳುವನ್ನು ಹೊರಗಿನವರು ನೋಡಬಾರದು.

ಎರಡನೆಯ ಸಲ ಸಾಂಗಲಿಗೆ ಹೋದಾಗ ರೂಪಾಲಿಯೂ ಬಂದಳು. ಗಂಡ ಸತ್ತು ತಿಂಗಳೂ ಆಗದ ಹೆಣ್ಣುಮಗಳು ಊರು ದಾಟುವುದೇ ಎಂದು ಮಂದಿ ಅಂದರು. ಅನ್ನುವ ಬಾಯಿಗೆ ಬೀಗವಿಲ್ಲ. ಭೀಮರಾಯನೂ ಗೊಣಗಿದ, ಆದರೆ ತಡೆಯಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಿತ್ತು.

"ಇವತ್ತೂ ಮಗನನ್ನು ಕರೆತರಲಿಲ್ಲವಲ್ಲ ಕಾಕಾ" ಎಂದ ಮಾಲೀಕ.

ರೂಪಾಲಿ ಮರಾಠಿ ಸಾಲೆಯಲ್ಲಿ ಓದಿದವಳು, ಚೆನ್ನಾಗಿ ಮಾತಾಡಿದಳು. "ಅವರಿಗೆ ಬರುವುದಾಗುವುದಿಲ್ಲ. ನನ್ನನ್ನು ಕೇಳಿ."

ಅವನು ಕೇಳಿದ, ಅವಳು ಹೇಳಿದಳು. ಮೆತ್ತಗೆ ಹೊಡೆಯುತ್ತಾರೆ. ಗದ್ದ ತಾಗುವಷ್ಟು ಬಗ್ಗುತ್ತಾರೆ. ಬೆರಳು ಬಳೆ ಮಾಡುತ್ತಾರೆ. ಬೆರಳು ಉದ್ದ, ಗಂಟು ಮಾತ್ರ ದಪ್ಪ, ಸ್ಟೇರಿಂಗ್ ಹಿಡಿದು ಹಿಡಿದು. ಎಲ್ಲವನ್ನೂ ಈಗ ನಡೆಯುತ್ತಿರುವುದರ ಹಾಗೆ ಹೇಳಿದಳು. ಮಾಲೀಕ ಆ್ಯಶ್ ಮರದ್ದನ್ನೆಲ್ಲ ಬದಿಗೆ ಸರಿಸಿ ಮೇಪಲ್ಲಿನ ನಾಲ್ಕು ತುಂಡು ಮುಂದಿಟ್ಟ. ಶಿದ್ರಾಯ ಒಂದನ್ನು ತೂಗಿ ನೋಡಿ, "ಭಾಳ ಹಗರ ಐತಲ್ರಿ" ಎಂದ. ತಾನೇ ಆರಿಸುವುದಾಗಿದ್ದರೆ ಅದನ್ನು ಮುಟ್ಟುತ್ತಿರಲಿಲ್ಲ.

ರೂಪಾಲಿ ನಾಲ್ಕನ್ನೂ ಒಂದೊಂದಾಗಿ ಮಡಿಸಿದ ಬೆರಳಿನೊಳಗೆ ಹಾಯಿಸಿದಳು. ಮೂರನೆಯದಕ್ಕೆ ಕಣ್ಣು ಮುಚ್ಚಿದಳು. "ಇದ" ಎಂದಳು ಮಾವನಿಗೆ.

ಶಿದ್ರಾಯ ಅದನ್ನು ತೆಗೆದುಕೊಂಡು ಗಾಜಿನ ಮೇಲೆ ಉರುಳಿಸಿದ. ಎಲ್ಲೂ ಏಳದೆ, ಎಲ್ಲೂ ಕುಂಟದೆ ಉರುಳಿತು. ಎಳೆ ನೋಡಿದ, ಬುಡದಿಂದ ತುದಿಗೆ ದಾರ ಹಿಡಿದ ಹಾಗೆ ಹೋಗಿತ್ತು. ತಟ್ಟಿದ. ಅದರ ದನಿ ಸಣ್ಣದು. ಬಹಳ ಹೊತ್ತು ಕಿವಿಯ ಹತ್ತಿರವೇ ಹಿಡಿದುಕೊಂಡಿದ್ದು, "ಇದಽ ಖರೆ" ಎಂದ.

ಮಾಲೀಕ ಅದನ್ನು ದಪ್ಪ ತುಂಡಿಗೆ ತಿರುಪಿ, ಬಿಚ್ಚಿ, ಅರಿವೆಯಲ್ಲಿ ಸುತ್ತಿದ. ಸುತ್ತುತ್ತ ಎಲ್ಲ ಗಿರಾಕಿಗಳಿಗೂ ಹೇಳುವುದನ್ನು ಹೇಳಿದ. ಗೋಡೆಗೆ ಆನಿಸಿ ಇಡಬಾರದು, ಬಾಗುತ್ತದೆ, ಮಲಗಿಸಿಯೇ ಇಡಬೇಕು. ಬಿಸಿಲು ತಾಗಿಸಬಾರದು. ಆಡಿದ ಮೇಲೆ ಒಣ ಅರಿವೆಯಿಂದ ಒರೆಸಬೇಕು. "ಮಗನಿಗೆ ಮರೆಯದೆ ಹೇಳಿ ಕಾಕಾ. ಹುಡುಗರು ಇದನ್ನೇ ಮರೆಯುತ್ತಾರೆ."

"ಹೇಳ್ತೀನ್ರಿ" ಎಂದ ಶಿದ್ರಾಯ.

ರೂಪಾಲಿ ಸರಕ್ಕನೆ ತಿರುಗಿ ಹೊರಗೆ ಹೋದಳು. ಮಾಲೀಕ ಅವಳ ಬರಿದಾದ ಕೊರಳನ್ನು ನೋಡಿದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ಮೆಟ್ಟಿಲು ಇಳಿಯುವತನಕ ಅವನು ಎದ್ದು ನಿಂತೇ ಇದ್ದ.

ಅಮಾವಾಸ್ಯೆಯ ದಿನ ನಾನೂ ಹೊಲಕ್ಕೆ ಹೋದೆ. ಭೀಮರಾಯ ಮಹಾಂತನನ್ನು ಹೂಳಿದ ಮಣ್ಣಿನ ತಲೆಯ ಕಡೆ ಹಾರೆಯಿಂದ ಸಣ್ಣ ಕುಳಿ ತೋಡಿ ಕಾಯುತ್ತಿದ್ದ. ಶಿದ್ರಾಯ ಎರಡೂ ತುಂಡು ಕೂಡಿಸಿ ತಿರುಪಿದ, ಸಂದಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಕುಳಿಯಲ್ಲಿ ನಿಲ್ಲಿಸಲಿಲ್ಲ. ಮಣ್ಣಿನ ಮೇಲೆ ಉದ್ದಕ್ಕೆ ಮಲಗಿಸಿದ.

"ನಿಂದ್ರಸೂ ಪದ್ಧತಿ ಅಲ್ಲೇನೋ ತಮ್ಮಾ" ಎಂದ ಭೀಮರಾಯ.

"ನಿಂದ್ರಸಿದ್ರ ಡೊಂಕ ಆಗತೈತಿ."

"ಇನ್ನ ಅದನ್ನ ಆಡಾವ್ರು ಯಾರೋ?"

ಶಿದ್ರಾಯ ಅಣ್ಣನ ಮುಖ ನೋಡಿದ. "ಆಡ್ಲಿ, ಬಿಡ್ಲಿ. ಅಂವನ ಕೋಲ ಡೊಂಕ ಇರಬಾರದು. ನೀ ಹೆಸರ ಕೂಗು."

 ಭೀಮರಾಯ ಕಾಲಿನಿಂದ ಕುಳಿ ಮುಚ್ಚಿ, ಮುತ್ತಜ್ಜನಿಂದ ಹಿಡಿದು ಸಾಲಾಗಿ ಹೆಸರು ಕೂಗಿದ, ಕೊನೆಗೆ ಮಹಾಂತ ಎಂದ. ಯಮನವ್ವ, ರೂಪಾಲಿ ಮಣ್ಣಿಗೆ ಹಣೆ ಹಚ್ಚಿದರು. ಬಂದವರೆಲ್ಲ ಹೊಲದಂಚಿನ ಬಾಂದಿನ ಕಡೆ ನಡೆದರು.

ಶಿದ್ರಾಯ ಬರಲಿಲ್ಲ. ಕರೆಯಲು ತಿರುಗಿ ಹೋದೆ. ಅವನು ಹೆಗಲ ಕಂಬಳಿ ತೆಗೆದು ಕೋಲಿನ ಮೇಲೆ ಬಿಸಿಲು ಬೀಳದ ಹಾಗೆ ಹೊದಿಸಿ, ಮಗನ ತಲೆಯ ಕಡೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಮೆಲ್ಲಗೆ ಹೇಳುತ್ತಿದ್ದ.

"ಗ್ವಾಡಿಗಿ ಆನಿಸಬ್ಯಾಡಂತಪಾ ಮಹಾಂತಾ. ಬಿಸಲಾಗ ಇಡಬ್ಯಾಡಂತ. ಆಡಿದ ಮ್ಯಾಲ ಒಣ ಅರಿವಿಲೆ ಒರಸಬೇಕಂತ. ಅಂಗಡಿಯವ ಮರೀದ ಹೇಳಂದಾನ."